ಕಡಿಮೆ ಹೇಳಿದ ಕಿಲೋಗಳು

ಮನುಷ್ಯನನ್ನು ಕಂಡ ಕೂಡಲೇ ಬೆಲೆ ಕಟ್ಟುವುದು ನನ್ನ ಹಳೆಯ ಚಾಳಿ. ಮೊದಲು ಅಂಗಿಯ ಬಟನ್ ನೋಡುತ್ತೇನೆ, ಆಮೇಲೆ ಕಾಲಿನ ಚಪ್ಪಲಿ, ಮುಖಕ್ಕೆ ಬರುವುದು ಕೊನೆಗೆ. ಆ ದಿನ ನನ್ನ ಮುಂದೆ ನಿಂತಿದ್ದವನ ಅಂಗಿಯಲ್ಲಿ ಆರು ಬಟನ್ ಇದ್ದವು, ಮೂರು ಜಾತಿಯವು. ಕಾಲರಿನ ಕೆಳಗಿನದಂತೂ ಯಾವುದೋ ಮಗುವಿನ ಫ್ರಾಕಿನದು. ಚಪ್ಪಲಿ ಎರಡು ಸಲ ಹೊಲಿಸಿಕೊಂಡದ್ದು. ವಯಸ್ಸು ಅರವತ್ತರ ಹತ್ತಿರ, ತೂಕ ಐವತ್ತರ ಹತ್ತಿರ. ಅಂಗಡಿಗೆ ಬೋರ್ಡಿಲ್ಲ, ಬಾಯಲ್ಲಿ ಮಾತಿಲ್ಲ. ಲೆಕ್ಕ ಹಾಕಿದೆ: ಬಡಪಾಯಿ, ಹತ್ತು ನಿಮಿಷದಲ್ಲಿ ಬಗ್ಗುತ್ತಾನೆ, ಹೇಳಿದ ಬೆಲೆಯ ಅರ್ಧಕ್ಕೆ ಕೆಲಸ ಮುಗಿಯುತ್ತದೆ. ಮೂವತ್ತು ವರ್ಷದ ವ್ಯಾಪಾರದಲ್ಲಿ ನಾನು ಇಷ್ಟು ಕೆಟ್ಟದಾಗಿ ಬೆಲೆ ಕಟ್ಟಿದ್ದು ಎರಡೇ ಸಲ. ಇನ್ನೊಂದು ಸಲ ಕಟ್ಟಿದ್ದು ನನಗೇ.

ನಾನು ಬಟನ್, ಜಿಪ್, ದಾರ, ಲೈನಿಂಗ್ ಬಟ್ಟೆಗಳ ಸಗಟು ವ್ಯಾಪಾರಿ. ತಿಂಗಳಿಗೆ ಎರಡು ಸಲ ಸುತ್ತಲಿನ ಊರುಗಳ ಟೈಲರ್ ಅಂಗಡಿಗಳಿಗೆ ಮೋಟಾರ್‌ಸೈಕಲ್ಲಿನಲ್ಲಿ ಹೋಗಿಬರುತ್ತೇನೆ. ದೂರದ ಪ್ರಯಾಣಕ್ಕೆಂದೇ ಮಾಡಿದ ದೊಡ್ಡ ಗಾಡಿ. ಅಕ್ಕಪಕ್ಕ ಎರಡು ತಗಡಿನ ಪೆಟ್ಟಿಗೆ, ಸೀಟಿನ ಹಿಂದೆ ಇನ್ನೊಂದು. ಇಷ್ಟು ವಯಸ್ಸಾದ ಮೇಲೂ ಒಂದು ಕಾರು ಕೊಳ್ಳಬಾರದೇ ಎಂದು ಕೇಳುವವರಿಗೆ, ಟೈಲರ್ ಗಲ್ಲಿಗಳಲ್ಲಿ ಕಾರು ತಿರುಗುವುದಿಲ್ಲ ಎನ್ನುತ್ತೇನೆ. ಕಾರಣ ಬೇರೆ. ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ ಇರುತ್ತಾಳೆ.

ಹದಿನೇಳು ವರ್ಷದಿಂದ ಅವಳು ಹಾಗೆ ಬರುತ್ತಿದ್ದಾಳೆ. ಅವಳ ಕಣ್ಣಿಲ್ಲದೆ ನನ್ನ ವ್ಯಾಪಾರ ಒಂದು ದಿನವೂ ನಡೆಯದು, ಏಕೆಂದರೆ ಕಡುನೀಲಿಗೂ ಕಪ್ಪಿಗೂ ಇರುವ ವ್ಯತ್ಯಾಸ ನನಗೆ ಇವತ್ತಿಗೂ ತಿಳಿಯುವುದಿಲ್ಲ. ದಾರ ಮಾರುವವನು ಇದನ್ನು ಹೊರಗೆ ಹೇಳಿಕೊಳ್ಳಬಾರದು. ಅದು ಹೋಗಲಿ. ಮನೆಯಲ್ಲಿ ನಾವಿಬ್ಬರು ಮಾತಾಡುವುದು ಸೋರುವ ನಲ್ಲಿಯ ಬಗ್ಗೆ, ಬಾರದ ಕೆಲಸದವಳ ಬಗ್ಗೆ. ಗಾಡಿಯ ಮೇಲೆ ಕೂತಾಗ ಮಾತ್ರ ಅವಳು ನನ್ನ ಬಲಗಡೆ ಬಾಗಿ ನಿಜವಾದ ಮಾತು ತೆಗೆಯುತ್ತಾಳೆ. ಒಬ್ಬರ ಮುಖ ಒಬ್ಬರಿಗೆ ಕಾಣದಿರುವುದರಿಂದ ಇಬ್ಬರಿಗೂ ಧೈರ್ಯ. ನಮ್ಮ ಸಂಸಾರದ ದೊಡ್ಡ ದೊಡ್ಡ ತೀರ್ಮಾನಗಳೆಲ್ಲ ಗಂಟೆಗೆ ಐವತ್ತು ಕಿಲೋಮೀಟರ್ ವೇಗದಲ್ಲಿ ಆದವು.

ಹೀಗಿರುವಾಗ ಗಾಡಿಯ ಹಿಂದಿನ ಎರಡೂ ಶಾಕ್ ಅಬ್ಸಾರ್ಬರುಗಳು ಎಣ್ಣೆ ಕಾರಿಕೊಂಡವು. ರಸ್ತೆಯ ಹಂಪ್ ದಾಟಿದರೆ ಹಿಂಭಾಗ ಧಡ್ ಎಂದು ತಳಕ್ಕೆ ಬಡಿಯತೊಡಗಿತು.

"ರೀ, ಹಿಂದೆ ಇರೋದು ಪೆಟ್ಟಿಗೆ ಒಂದೇ ಅಲ್ಲ, ನಾನೂ ಇದ್ದೀನಿ," ಎಂದಳು.

ಪೇಟೆಗೆ ಹೋಗಿ ಹೊಸದು ತಂದೆ. ಕೆಂಪು ಸ್ಪ್ರಿಂಗಿನವು. ಅನುಮಾನವಿಲ್ಲದೆ ನಾನು ಗುರುತಿಸುವ ಬಣ್ಣ ಅದೊಂದೇ. ಅಂಗಡಿಯವನು, "ರೇಸಿನವರೆಲ್ಲ ಹಾಕೋದು ಇದನ್ನೇ ಸಾರ್," ಎಂದ. ನನ್ನ ಹೊಟ್ಟೆಯನ್ನು ನೋಡಿಕೊಂಡೇ ಅವನು ಹಾಗೆಂದ. ಆ ಹೊಟ್ಟೆಯನ್ನು ಹೊತ್ತುಕೊಂಡೇ ನಾನು ನಂಬಿದೆ. ಬೆಲೆಯನ್ನು ಮೂರು ಸಲ ಇಳಿಸಿದೆ, ಗೆದ್ದೆನೆಂದು ಬೀಗಿದೆ. ಆ ಕೆಂಪು ಸ್ಪ್ರಿಂಗುಗಳು ಹಳ್ಳಕ್ಕೆ ಇಳಿದು, ಮೇಲೆ ಬರುವಾಗ ನನ್ನ ಹೆಂಡತಿಯನ್ನು ಸೀಟಿನಿಂದ ಒಂದು ಗೇಣು ಮೇಲಕ್ಕೆ ಎಸೆಯುತ್ತಿದ್ದವು. ಆ ತಿರುಗಾಟ ಮುಗಿಸಿ ಮನೆಯ ಗೇಟಿನ ಮುಂದೆ ಇಳಿದಾಗ ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡಳು.

"ಇನ್ಮೇಲೆ ನಾನು ಬಸ್ಸಲ್ಲಿ ಬರ್ತೀನಿ. ನೀವು ಗಾಡೀಲಿ ಬನ್ನಿ. ಟೈಲರ್ ಅಂಗಡಿ ಮುಂದೆ ಸಿಗೋಣ."

ಅವಳು ಕೂಗಾಡಿದರೆ ನನಗೆ ಭಯವಿಲ್ಲ. ಅವಳು ಆಗಲೇ ಬಸ್ಸಿನ ವೇಳೆ ವಿಚಾರಿಸಿ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಳು. ಅದು ಭಯ.

"ಇನ್ನೊಂದ್ಸಲ ಶಾಕ್ ಬದಲಾಯಿಸ್ತೀನಿ ಕಣೇ. ಒಂದೇ ಒಂದ್ಸಲ ಕೂತು ನೋಡು," ಎಂದು ಗೋಗರೆದೆ.

"ಒಂದ್ಸಲ. ಆಮೇಲೆ ಕೇಳೋ ಹಾಗಿಲ್ಲ."

ನನ್ನ ಗಿರಾಕಿಯಾದ ಒಬ್ಬ ಟೈಲರ್ ತೋರಿಸಿದ್ದು, ಮೂರು ಜಾತಿಯ ಬಟನ್ನಿನ ಈ ಮನುಷ್ಯನನ್ನು. "ತೂಕದಣ್ಣ ಅಂತ ಕೇಳಿ, ಯಾರು ಬೇಕಾದ್ರೂ ತೋರಿಸ್ತಾರೆ. ಸ್ವಲ್ಪ ತಲೆ ತಿನ್ತಾರೆ, ಸಹಿಸ್ಕೊಳ್ಳಿ," ಎಂದಿದ್ದ.

ಸೈಕಲ್ ಸ್ಟ್ಯಾಂಡಿನ ಹಿಂದೆ ಒಂದೇ ಕೋಣೆಯ ಅಂಗಡಿ. ಗೋಡೆಯುದ್ದಕ್ಕೂ ಮೊಳೆ ಹೊಡೆದು ಸ್ಪ್ರಿಂಗುಗಳನ್ನು ನೇತುಹಾಕಿದ್ದ, ತಂತಿ ತೆಳ್ಳಗಿರುವುದು ಬಾಗಿಲ ಹತ್ತಿರ, ದಪ್ಪಗಿರುವುದು ಒಳಗೆ. ಎಲ್ಲವೂ ಕಪ್ಪು. ವಾಷರು, ನಟ್ಟು, ಬೋಲ್ಟುಗಳು ತಕ್ಕಡಿಯ ಹಿತ್ತಾಳೆ ತಟ್ಟೆಗಳಲ್ಲಿ. ಮೂಲೆಯಲ್ಲಿ ಮೂಟೆ ತೂಗುವಂಥ ದೊಡ್ಡದೊಂದು ತಕ್ಕಡಿ. ಜೊತೆಗೆ ಗುಜರಿ ವ್ಯಾಪಾರವೂ ಇರಬೇಕು ಅಂದುಕೊಂಡೆ, ಬೆಲೆ ಇನ್ನೂ ಸ್ವಲ್ಪ ಇಳಿಸಿದೆ.

ಅವನು ನನ್ನ ಕೆಂಪು ಸ್ಪ್ರಿಂಗಿನ ಮೇಲೆ ಒಂದು ಬೆರಳಿಟ್ಟು, ಇನ್ನೊಂದು ಕೈಯಿಂದ ಸೀಟನ್ನು ಒತ್ತಿ ಬಿಟ್ಟ. ಗಾಡಿ ಮೇಲೆ ಬಂತು, ಕೆಳಗೆ ಹೋಯಿತು, ಮತ್ತೆ ಮೇಲೆ ಬಂತು.

"ಯಾರು ಆರಿಸಿದ್ದು?"

"ನಾನೇ."

"ಬಣ್ಣ ಚೆನ್ನಾಗಿದೆ." ಅಷ್ಟು ಹೇಳಿ ಸೀಮೆಸುಣ್ಣ ಕೈಗೆತ್ತಿಕೊಂಡ. "ನಿಮ್ಮ ತೂಕ ಎಷ್ಟು ಸಾಹುಕಾರ್ರೇ?"

"ಎಪ್ಪತ್ತೆರಡು."

ಅವನು ತಲೆಯೆತ್ತಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ನೋಟ ಹೊಟ್ಟೆಯ ಹತ್ತಿರ ಸ್ವಲ್ಪ ಹೊತ್ತು ನಿಂತಿತು. "ಹಿಂದೆ ಕೂರೋರು?"

"ನನ್ನ ಹೆಂಡ್ತಿ. ಐವತ್ತು."

"ಸಾಮಾನು?"

"ಅದೇನ್ ಮಹಾ. ಬಟನ್ನು, ದಾರ. ಹನ್ನೆರಡು ಕಿಲೋ ಇದ್ದೀತು."

ನನ್ನ ತೂಕ ಎಪ್ಪತ್ತೆರಡು ಇದ್ದದ್ದು ಯಾವ ಕಾಲದಲ್ಲೋ. ಹೆಂಡತಿಯ ತೂಕ ನನಗೆ ಗೊತ್ತೇ ಇರಲಿಲ್ಲ. ಇನ್ನು ಪೆಟ್ಟಿಗೆಗಳಲ್ಲಿ ದಾರಕ್ಕಿಂತ ಹಿತ್ತಾಳೆ ಜಿಪ್ಪು, ಲೋಹದ ಬಟನ್ನುಗಳೇ ಹೆಚ್ಚು. ಎತ್ತಿಡುವಾಗ ನನ್ನ ಉಸಿರು ಕಟ್ಟುತ್ತದೆ. ಮತ್ತೇಕೆ ಸುಳ್ಳು ಹೇಳಿದೆ? ಮೂವತ್ತು ವರ್ಷದಿಂದ ಲಾರಿ ಆಫೀಸಿನ ಗುಮಾಸ್ತನಿಗೆ ಬಂಡಲುಗಳ ತೂಕ ಹೇಳಿ ಹೇಳಿ ನನ್ನ ನಾಲಗೆ ಹಾಗೆ ಪಳಗಿದೆ. ತೂಕ ಎಷ್ಟು ಎಂದು ಯಾರೇ ಕೇಳಲಿ, ಬಾಯಿ ತಾನೇ ಒಂದು ದೊಡ್ಡ ಪಾಲು ನುಂಗಿ ಉಳಿದದ್ದನ್ನು ಹೇಳುತ್ತದೆ. ಒಮ್ಮೆ ಡಾಕ್ಟರ ಮುಂದೆಯೂ ಹೀಗೇ ಹೇಳಿ, ಮರುಗಳಿಗೆಯಲ್ಲೇ ಅವರ ಯಂತ್ರ ಹತ್ತಿ ಸಿಕ್ಕಿಬಿದ್ದಿದ್ದೆ. ಅಲ್ಲದೆ ತೂಕ ಹೆಚ್ಚಾದರೆ ಸ್ಪ್ರಿಂಗ್ ದಪ್ಪ, ಸ್ಪ್ರಿಂಗ್ ದಪ್ಪವಾದರೆ ಬೆಲೆ ಹೆಚ್ಚು ಎಂಬುದು ನನ್ನಂಥವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಎಲ್ಲಾ ಸೇರಿ ನೂರ ಮೂವತ್ನಾಲ್ಕು," ಎಂದು ಅವನು ನೆಲದ ಮೇಲೆ ಬರೆದ. "ನೋಡಿ, ಶಾಕ್ ಆರಿಸೋದು ಅಂದ್ರೆ ಸ್ಪ್ರಿಂಗ್ ಆರಿಸೋದು. ತೂಕಕ್ಕೆ ಸ್ಪ್ರಿಂಗ್ ಸಾಲದೇ ಹೋದ್ರೆ ತಳಕ್ಕೆ ಹೊಡೆಯುತ್ತೆ. ಜಾಸ್ತಿ ಆದ್ರೆ ಅಲುಗಾಡೋದೇ ಇಲ್ಲ, ಬಂಡೆ ಮೇಲೆ ಕೂತಂಗೆ. ನಾಳೆ ಅಮ್ಮನ್ನ ಕರ್ಕೊಂಡು, ಸಾಮಾನು ತುಂಬ್ಕೊಂಡು ಬನ್ನಿ. ಕೂತ್ಮೇಲೆ ಎಷ್ಟು ಇಳಿಯುತ್ತೆ ಅಂತ ಅಳೀಬೇಕು."

ಹೆಂಡತಿಗೆ ಹೇಳಿದೆ. "ನನ್ನ ತೂಗ್ತಾರಾ? ನಾನೇನು ಮೂಟೇನಾ?" ಎಂದಳು. ಎರಡನೆಯ ಸಲ ನಾನು ಕೇಳಲೂ ಇಲ್ಲ. ಅವಳು ಬಂದರೆ ಐವತ್ತರ ಕಥೆ ಹೊರಬೀಳುತ್ತದೆ. ಅವಳ ಬದಲಿಗೆ ಅವಳ ತಮ್ಮನನ್ನು ಹಿಂದೆ ಕೂರಿಸಿಕೊಂಡು ಹೋದೆ. ಅವನು ಕಡ್ಡಿ ಪೈಲ್ವಾನ. ಪೆಟ್ಟಿಗೆಗಳಲ್ಲಿ ಜಿಪ್ಪುಗಳನ್ನು ತೆಗೆದಿಟ್ಟು ದಾರದ ಉಂಡೆಗಳನ್ನಷ್ಟೇ ತುಂಬಿದ್ದೆ.

ತೂಕದಣ್ಣ ನನ್ನ ಭಾವಮೈದನನ್ನು ನೋಡಿದ. "ಇವರೇನಾ ಅಮ್ಮ?"

"ಅವಳ ತಮ್ಮ. ಒಂದೇ ಹೊಟ್ಟೇಲಿ ಹುಟ್ಟಿದ್ದು, ಒಂದೇ ತೂಕ."

"ಏನ್ ಭಾವ, ಅಕ್ಕ ನನ್ನ ಒಂದೇ ಕೈಲಿ ಎತ್ತಿ ಆ ಕಡೆ ಇಡ್ತಾಳೆ," ಎಂದ ಆ ಮಹಾನುಭಾವ. ಅವನ ಕಾಲು ತುಳಿದೆ.

"ನೀವು ಹೇಳಿದ ತೂಕಕ್ಕೆ ನಾನು ಹಾಕ್ತೀನಿ," ಎಂದ ತೂಕದಣ್ಣ. "ನೀವು ಹೊರೋ ತೂಕ ನಿಮಗೇ ಗೊತ್ತು." ಗೋಡೆಯ ನಡುಮಧ್ಯದಿಂದ ಒಂದು ಜೊತೆ ಸ್ಪ್ರಿಂಗ್ ಇಳಿಸಿದ, ಗಾಡಿಯಲ್ಲಿದ್ದ ಶಾಕಿನ ಒಳಭಾಗ ಬಿಚ್ಚಿ ತೊಳೆದು ಹೊಸ ಎಣ್ಣೆ, ಹೊಸ ಸೀಲು ಹಾಕಿ ಕೂರಿಸಿದ. ಆಮೇಲೆ ನನ್ನನ್ನು ಮುಂದೆ ಕೂರಿಸಿ ತಾನು ಹಿಂದೆ ಹತ್ತಿದ. "ನಡೀರಿ, ಒಂದು ಸುತ್ತು."

"ನೀನೇ ಓಡಿಸಿ ನೋಡಪ್ಪ."

"ನಂಗೆ ಓಡ್ಸೋಕೆ ಬರಲ್ಲ."

ಗಾಡಿ ರಿಪೇರಿ ಮಾಡುವವನಿಗೆ ಗಾಡಿ ಓಡಿಸಲು ಬರುವುದಿಲ್ಲ! ನಾನು ಕಟ್ಟಿದ್ದ ಬೆಲೆಯಲ್ಲಿ ಇನ್ನು ಇಳಿಸಲು ಏನೂ ಉಳಿದಿರಲಿಲ್ಲ. ಆದರೆ ಗಾಡಿ ಬೆಣ್ಣೆಯ ಹಾಗೆ ಹೋಯಿತು. ಚೌಕಾಸಿ ಮಾಡಿ, ಶಿಳ್ಳೆ ಹಾಕುತ್ತಾ ಮನೆಗೆ ಬಂದೆ.

ಸೋಮವಾರ ಬೆಳಿಗ್ಗೆ ಪೆಟ್ಟಿಗೆಗಳಿಗೆ ಜಿಪ್ಪುಗಳು ವಾಪಸ್ ಬಂದವು. ನಾನು ಹತ್ತಿದೆ, ಹೆಂಡತಿ ಹತ್ತಿದಳು.

"ಸೀಟು ಯಾಕ್ರೀ ಇಷ್ಟು ಕೆಳಗೆ ಹೋಯ್ತು?"

"ಹೊಸ ಮಾದರಿ ಕಣೇ, ಹಂಗೇ ಇರುತ್ತೆ."

ಮೊದಲ ಹಂಪಿಗೆ ಧಡ್. ಎರಡನೆಯದಕ್ಕೆ ಅದಕ್ಕಿಂತ ದೊಡ್ಡ ಧಡ್. ಅಂಗಡಿಯಲ್ಲಿ ಗುಂಡಿ ಮಾರಿ ಬದುಕುವ ನಾನು ರಸ್ತೆಯ ಗುಂಡಿಗಳನ್ನು ಒಂದೊಂದಾಗಿ ತಪ್ಪಿಸುತ್ತಾ ಹಾವಿನ ಹಾಗೆ ಗಾಡಿ ಹೊರಳಿಸಿದೆ. ರೈಲ್ವೆ ಗೇಟಿನ ಹಳಿ ದಾಟುವಾಗ ಅವಳ ಬಾಯಿಂದ ಒಂದು ಸಣ್ಣ ಶಬ್ದ ಬಂತು. ಬೈಗುಳವಲ್ಲ, ನೋವು. ಮುಂದಿನ ಬಸ್ ಸ್ಟಾಪಿನಲ್ಲಿ ನನ್ನ ಭುಜ ತಟ್ಟಿದಳು. ಇಳಿದಳು. "ಆಯ್ತಲ್ಲ, ಒಂದ್ಸಲ," ಎಂದಳು. ಹತ್ತೇ ನಿಮಿಷದಲ್ಲಿ ಬಸ್ಸು ಬಂತು. ಚೀಟಿಯಲ್ಲಿ ಬರೆದಿದ್ದ ವೇಳೆ ಸರಿಯಾಗಿತ್ತು.

ಅವಳಿಗೆ ಸಿಕ್ಕಿದ್ದು ಕಟ್ಟಕಡೆಯ ಸೀಟು. ನಾನು ಆ ಬಸ್ಸಿನ ಹಿಂದೆಯೇ ಮೂವತ್ತು ಕಿಲೋಮೀಟರ್ ಹೋದೆ, ಹೊಗೆ ಕುಡಿಯುತ್ತಾ. ಹಿಂದಿನ ಗಾಜಿನಲ್ಲಿ ಅವಳ ತಲೆ ಕಾಣುತ್ತಿತ್ತು. ಒಮ್ಮೆ ತಿರುಗಿ ನೋಡಿದಳು. ಪಕ್ಕದಲ್ಲಿ ಕೂತ ಹೆಂಗಸು ಏನೋ ಕೇಳಿದಳು, ಇವಳು ಏನೋ ಹೇಳಿದಳು, ಇಬ್ಬರೂ ನನ್ನ ಕಡೆ ನೋಡಿ ನಕ್ಕರು. ನನಗೆ ಹೇಳಬೇಕಾಗಿದ್ದ ಮಾತೆಲ್ಲ ಆ ಹೆಂಗಸಿಗೆ ಸಿಕ್ಕಿತು.

ಮರುದಿನ ಪೆಟ್ಟಿಗೆಗಳನ್ನು ಇಳಿಸದೆ ನೆಟ್ಟಗೆ ತೂಕದಣ್ಣನ ಅಂಗಡಿಗೆ ನುಗ್ಗಿದೆ. "ಏನಪ್ಪಾ, ಇದೇನಾ ನಿನ್ನ ಕೆಲಸ? ನನ್ನ ಹೆಂಡ್ತಿ ಸೊಂಟ ಮುರಿದು ಬಸ್ಸು ಹತ್ತಿದ್ಲು!"

ಅವನು ಎದುರಾಡಲಿಲ್ಲ. ಕೈ ಒರೆಸಿಕೊಂಡ. ಮೂರೂ ಪೆಟ್ಟಿಗೆಗಳನ್ನು ಬಿಚ್ಚಿ ಮೂಲೆಯ ತಕ್ಕಡಿಯ ಮೇಲಿಟ್ಟ. "ನಲವತ್ಮೂರು. ಇಳಿಸ್ತೀನಿ. ಈಗ ನೀವು ಹತ್ತಿ."

ಹತ್ತಿದೆ. ಉಸಿರು ಒಳಗೆಳೆದುಕೊಂಡೆ, ಅದರಿಂದ ತೂಕ ಇಳಿಯುವ ಹಾಗೆ.

"ತೊಂಬತ್ತೊಂದು. ಒಟ್ಟು?"

ವ್ಯಾಪಾರಿಯ ತಲೆ, ಕೂಡಿಸಿಬಿಟ್ಟಿತು. "ನೂರ ಮೂವತ್ನಾಲ್ಕು."

"ನಾನು ಹಾಕಿದ ಸ್ಪ್ರಿಂಗೂ ನೂರ ಮೂವತ್ನಾಲ್ಕಕ್ಕೇ. ನೀವು, ನಿಮ್ಮ ಸಾಮಾನು. ಅಷ್ಟಕ್ಕೇ ಸ್ಪ್ರಿಂಗ್ ಮುಗೀತು ಸಾಹುಕಾರ್ರೇ. ಅಮ್ಮನಿಗೆ ಅದ್ರಲ್ಲಿ ಜಾಗಾನೇ ಇಲ್ಲ. ಅವರು ಕೂತಿದ್ದು ಬರೀ ಕಬ್ಬಿಣದ ಮೇಲೆ."

ನಾನು ತಕ್ಕಡಿಯ ಮೇಲೇ ನಿಂತಿದ್ದೆ. ಏನಾದರೂ ಹೇಳಬೇಕಲ್ಲ, "ನಿನ್ನ ತಕ್ಕಡಿ ಸರಿಯಿಲ್ಲ," ಎಂದೆ.

ಅವರು ಅವತ್ತು ಮೊದಲ ಸಲ ನಕ್ಕರು. ಇನ್ನು ಮುಂದೆ ಅವರನ್ನು ಏಕವಚನದಲ್ಲಿ ಬರೆಯಲು ನನ್ನ ಕೈ ಬರುವುದಿಲ್ಲ. ಇಪ್ಪತ್ತೆರಡು ವರ್ಷ ಅವರ ಕೆಲಸ ತಕ್ಕಡಿ ರಿಪೇರಿಯಂತೆ, ಅದೂ ನಮ್ಮ ಪೇಟೆಯಲ್ಲೇ. "ನಿಮ್ಮೋರೆಲ್ಲ ನಂಗೆ ಗೊತ್ತು. ಕೊಳ್ಳೋವಾಗ ಒಂದು ಕಡೆ ಬಾಗಿಸಿಕೊಡು, ಮಾರೋವಾಗ ಇನ್ನೊಂದು ಕಡೆ ಬಾಗಿಸಿಕೊಡು ಅನ್ನೋರು. ನಾನು ನೆಟ್ಟಗೆ ಮಾಡಿಕೊಟ್ರೆ, ಕೆಲಸ ಬರಲ್ಲ ಇವನಿಗೆ ಅಂತ ಬೈಯೋರು. ಆಮೇಲೆ ಕರೆಂಟಿನ ತಕ್ಕಡಿ ಬಂತು, ನನ್ನ ಕೆಲಸ ಹೋಯ್ತು. ನಂಗೆ ಗೊತ್ತಿದ್ದಿದ್ದು ತಕ್ಕಡಿ ಒಳಗಿನ ಸ್ಪ್ರಿಂಗ್ ಒಂದೇ. ಸ್ಪ್ರಿಂಗು ನೆಟ್ಟಗಿರ್ಲಿ ಅಂತ ಕೇಳೋ ಜನ ಎಲ್ಲಿದ್ದಾರೆ ಅಂತ ಹುಡುಕಿದೆ. ಗಾಡಿಯೋರು ಸಿಕ್ಕಿದ್ರು." ನನ್ನ ಹೊಟ್ಟೆಯ ಕಡೆ ಮತ್ತೊಮ್ಮೆ ನೋಡಿ ಸೇರಿಸಿದರು, "ಎಲ್ಲರೂ ಅಲ್ಲ."

"ಓಡಿಸೋಕೆ ಬರದೆ ಇದನ್ನೆಲ್ಲ ಹೆಂಗೆ ಕಲಿತ್ರಿ?"

"ಇಪ್ಪತ್ತು ವರ್ಷ ದಿನಾ ನಮ್ಮಣ್ಣನ ಹಿಂದೆ ಕೂತು ಕೆಲಸಕ್ಕೆ ಬಂದೆ. ಮುಂದೆ ಕೂತೋರಿಗೆ ಹಳ್ಳ ಕಾಣುತ್ತೆ, ಮೈ ಬಿಗಿ ಹಿಡೀತಾರೆ. ಕೈಗೆ ಹ್ಯಾಂಡಲ್ ಇರುತ್ತೆ, ಕಾಲೂರಿ ಸ್ವಲ್ಪ ಏಳ್ತಾರೆ. ಹಿಂದೆ ಕೂತೋರಿಗೆ ಕಾಣೋದು ಏನು? ಮುಂದಿನೋರ ಬೆನ್ನು. ಶಾಕ್ ಇರೋದೇ ಹಿಂದಿನೋರಿಗೆ. ಆರಿಸೋಕೆ ಬರೋರು ಮಾತ್ರ ಮುಂದಿನೋರು."

ನಾನು ಪರ್ಸು ತೆಗೆದೆ. "ದುಡ್ಡು ಜಾಸ್ತಿ ಕೊಡ್ತೀನಿ, ಇವತ್ತೇ ದಪ್ಪ ಸ್ಪ್ರಿಂಗ್ ಹಾಕಿಬಿಡಿ."

"ದುಡ್ಡು ಬೇಡ, ತೂಕ ಕೊಡಿ. ಅಮ್ಮ ಬರ್ದೆ ನಾನು ಸ್ಪ್ಯಾನರ್ ಮುಟ್ಟಲ್ಲ."

ಮನೆಗೆ ಬಂದಾಗ ಹೆಂಡತಿ ಸೊಂಟಕ್ಕೆ ಬಿಸಿನೀರಿನ ಚೀಲ ಆನಿಸಿಕೊಂಡು ಬಟನ್ನುಗಳನ್ನು ಬೇರ್ಪಡಿಸುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ: ಎಪ್ಪತ್ತೆರಡು, ಹನ್ನೆರಡು, ಐವತ್ತು, ದಾರದ ಉಂಡೆ, ಅವಳ ತಮ್ಮ.

"ನೀವು ಎಪ್ಪತ್ತೆರಡಾ?" ಎಂದು ನಕ್ಕಳು. ನಗುತ್ತಾ ಸೊಂಟ ಹಿಡಿದುಕೊಂಡಳು. "ಅವನು ನನ್ನ ಬದಲಿಗೆ ಕೂತನಾ? ಬರ್ಲಿ ಮನೆಗೆ." ಆಮೇಲೆ ನಗು ನಿಂತಿತು. "ಅಂದ್ರೆ ಇಷ್ಟು ವರ್ಷ ಹಿಂದೆ ಕೂತವಳು ಎಷ್ಟು ಭಾರ ಅಂತ ನಿಮಗೆ ಗೊತ್ತೇ ಇರ್ಲಿಲ್ಲ."

"ಗೊತ್ತಿರ್ಲಿಲ್ಲ," ಎಂದೆ.

"ನಾಳೆ ಬರ್ತೀನಿ. ನಿಮಗೋಸ್ಕರ ಅಲ್ಲ. ನಿಮ್ಮನ್ನ ತಕ್ಕಡಿ ಹತ್ತಿಸಿದ ಮನುಷ್ಯನ್ನ ಒಂದ್ಸಲ ನೋಡ್ಬೇಕು."

ಅವಳು ಬಸ್ಸಿನಲ್ಲಿ ಬಂದಳು, ನಾನು ಗಾಡಿಯಲ್ಲಿ. ತೂಕದಣ್ಣ ಎದ್ದು ನಿಂತು, ಸ್ಟೂಲಿನ ಮೇಲೆ ಗೋಣಿ ಮಡಚಿ ಹಾಸಿ ಅವಳನ್ನು ಕೂರಿಸಿದರು. ನನಗೆ ಸ್ಟೂಲಿರಲಿಲ್ಲ. ಆ ದಿನ ಅವರು ಮಾತಾಡಿದ್ದೆಲ್ಲ ಅವಳ ಜೊತೆ.

"ಎಲ್ಲಿ ನೋವಮ್ಮ? ಹಂಪ್ ಹತ್ತೋವಾಗ್ಲಾ, ಇಳಿಯೋವಾಗ್ಲಾ?"

"ಹತ್ತೋವಾಗ ಏನಿಲ್ಲ ಅಣ್ಣ. ಇಳಿದಾಗ ಧಡ್ ಅನ್ನುತ್ತೆ. ಮುಂಚೆ ಕೆಂಪಿಂದು ಇತ್ತಲ್ಲ, ಅದು ಇಳಿದ್ಮೇಲೆ ಮೇಲಕ್ಕೆ ಎಸೀತಿತ್ತು."

"ಧಡ್ ಅಂದ್ರೆ ಸ್ಪ್ರಿಂಗ್ ಸಾಲ್ದು. ಎಸೆದ್ರೆ ಒಳಗಿನ ಎಣ್ಣೆ ಸಾಲ್ದು. ಸ್ಪ್ರಿಂಗು ಎಗರಿ ವಾಪಸ್ ಬರೋದನ್ನ ಹಿಡಿದು ನಿಧಾನ ಮಾಡೋದು ಎಣ್ಣೆ."

"ಹಂಗಾದ್ರೆ ಸ್ಪ್ರಿಂಗ್ ದಪ್ಪ ಮಾಡಿದ್ರೆ ಎಣ್ಣೇನೂ ದಪ್ಪದ್ದೇ ಹಾಕ್ಬೇಕಲ್ವಾ? ಇಲ್ದಿದ್ರೆ ಮತ್ತೆ ಎಸೆಯುತ್ತೆ."

ತೂಕದಣ್ಣನ ಮುಖ ಅರಳಿತು. "ಇದನ್ನ ಇಷ್ಟು ವರ್ಷದಲ್ಲಿ ಒಬ್ಬ ಗಂಡಸು ಕೇಳಿಲ್ಲಮ್ಮ."

ಅವಳು ತಕ್ಕಡಿ ಹತ್ತುವಾಗ ಅವರು ಮುಳ್ಳಿಗೆ ಅಡ್ಡವಾಗಿ ನಿಂತರು. ನಾನು ಕತ್ತು ಚಾಚಿದೆ. "ನಿಮಗ್ಯಾಕೆ? ಸ್ಪ್ರಿಂಗಿಗೆ ಗೊತ್ತಾದ್ರೆ ಸಾಕು," ಎಂದರು. ನೆಲದ ಮೇಲೂ ಬರೆಯಲಿಲ್ಲ. ಇವತ್ತಿಗೂ ನನಗೆ ಆ ಸಂಖ್ಯೆ ಗೊತ್ತಿಲ್ಲ.

ಈ ಸಲ ಸ್ಪ್ರಿಂಗ್ ಬಂದದ್ದು ಗೋಡೆಯ ಒಳತುದಿಯಿಂದ. ನಾನೊಬ್ಬನೇ ಹೋಗುವ ದಿನ ಸಡಿಲ ಮಾಡಿಕೊಳ್ಳಲು ಬುಡದಲ್ಲಿ ತಿರುಗಿಸುವ ಬಳೆಯೂ ಇತ್ತು. ಹಿಂದಿನ ಪೆಟ್ಟಿಗೆಯ ಜಿಪ್ಪುಗಳನ್ನೆಲ್ಲ ತೆಗೆಸಿ ಪಕ್ಕದ ಪೆಟ್ಟಿಗೆಗಳ ತಳಕ್ಕೆ ಹಾಕಿಸಿದರು. ಹಿಂದೆ ದಾರ ಮಾತ್ರ. ಗಾಡಿಯ ಮೈಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು, ಖಾಲಿ ಇದ್ದಾಗ ಟೇಪಿನಲ್ಲಿ ಅಳೆದರು, ನಾವಿಬ್ಬರೂ ಕೂತ ಮೇಲೆ ಮತ್ತೆ ಅಳೆದರು. "ಶಾಕ್ ಇಳಿಯೋ ಜಾಗದಲ್ಲಿ ಮೂರನೇ ಒಂದು ಪಾಲು ನಿಮ್ಮಿಬ್ಬರಿಗೆ. ಮಿಕ್ಕಿದ್ದು ಹಳ್ಳಕ್ಕೆ," ಎನ್ನುತ್ತಾ ಬಳೆಯನ್ನು ಎರಡು ಸುತ್ತು ಬಿಗಿ ಮಾಡಿದರು. ಕೊನೆಗೆ ಹೆಂಡತಿಯನ್ನು ಇಳಿಸಿ, ಕಡಿಮೆಯಾದ ತೂಕಕ್ಕೆ ತಕ್ಕಡಿಯ ಹಳೆಯ ಕಬ್ಬಿಣದ ಬಟ್ಟುಗಳನ್ನು ಚೀಲದಲ್ಲಿ ಹಾಕಿ ತೊಡೆಯ ಮೇಲಿಟ್ಟುಕೊಂಡು, ತಾವೇ ಹಿಂದೆ ಕೂತರು. ಒಂದೇ ಹಂಪನ್ನು ನನ್ನಿಂದ ಮೂರು ಸಲ ಹತ್ತಿಸಿ ಇಳಿಸಿದರು. ಕನ್ನಡಿಯಲ್ಲಿ ನೋಡಿದೆ: ಕಣ್ಣು ಮುಚ್ಚಿ ಕೂತಿದ್ದರು. ಮೂರನೆಯ ಸಲ "ಸಾಕು," ಎಂದರು.

ಅಭ್ಯಾಸಬಲದಿಂದ ಚೌಕಾಸಿಗೆ ಬಾಯಿ ತೆರೆದೆ. ಹೆಂಡತಿ ನೋಡಿದಳು. ಮುಚ್ಚಿದೆ.

"ಮನೆವರೆಗೆ ಕೂತು ನೋಡಮ್ಮ," ಎಂದರು ತೂಕದಣ್ಣ. "ಧಡ್ ಅಂದ್ರೆ ಅಲ್ಲೇ ಇಳಿದುಬಿಡು. ಇವರ ಮುಖ ನೋಡಿ ಸಹಿಸ್ಕೋಬೇಡ."

ಅವಳು ಕೂತಳು. ಮೊದಲ ಹಂಪ್ ಬಂತು. ಮೇಲೆ ಹೋಗಿ ಕೆಳಗೆ ಬಂದೆವು, ಅಷ್ಟೇ. ಅವಳು ಮಾತಾಡಲಿಲ್ಲ. ಎರಡನೆಯದು ಬಂತು, ಆಗಲೂ ಮಾತಿಲ್ಲ. ಬಸ್ ಸ್ಟಾಪ್ ಹತ್ತಿರವಾಗುತ್ತಿದ್ದಂತೆ ಕೈ ತಾನಾಗಿ ಬ್ರೇಕು ಹಿಡಿಯಿತು.

"ಯಾಕ್ರೀ ನಿಲ್ಲಿಸ್ತಿದ್ದೀರಾ?"

"ಅಲ್ಲ, ಬಸ್ಸು..."

"ನಡೀರಿ ಸುಮ್ನೆ." ಒಂದು ಫರ್ಲಾಂಗಾದ ಮೇಲೆ ಬಲಗಡೆಗೆ ಬಾಗಿದಳು. "ಕೇಳಿಸ್ತಿದೆಯಾ? ನಿಮಗೆ ಹೇಳ್ಬೇಕಾಗಿರೋದು ಬಹಳ ಇದೆ. ಸುತ್ತು ಹಾಕ್ಕೊಂಡು ಹೋಗಿ."

ಹೊಳೆಯ ದಂಡೆಯ ರಸ್ತೆ ಹಿಡಿದು ಸುತ್ತು ಹಾಕಿಕೊಂಡು ಹೋದೆ. ಅವಳು ಹೇಳಿದ್ದರಲ್ಲಿ ಮುಕ್ಕಾಲು ಪಾಲು ನನ್ನ ತಪ್ಪುಗಳೇ. ಅವನ್ನು ಇಲ್ಲಿ ಬರೆಯುವುದಿಲ್ಲ. ಓದುವವರಿಗೆ ಅಷ್ಟು ಪುರುಸೊತ್ತು ಇರಲಾರದು.

ಇದಾಗಿ ನಾಲ್ಕು ವರ್ಷವಾಯಿತು. ತೂಕದಣ್ಣನ ಕೆಲಸದ ಹಣ ಅವತ್ತೇ ಅವರು ಹೇಳಿದಷ್ಟು ಕೊಟ್ಟಿದ್ದೇನೆ. ನನ್ನ ಹೆಂಡತಿ ಈಗಲೂ ನನ್ನ ಹಿಂದೆ, ಒಂದೇ ಗಾಡಿಯಲ್ಲಿ, ಮಾತಾಡುತ್ತಾ ಬರುತ್ತಾಳೆ. ಅದಕ್ಕೆ ನಾನು ಅವರಿಗೆ ಋಣಿ.